ಗುರುವಾರದ ಡಾಕ್ಟ್ರು

"ಡಾಕ್ಟ್ರು ಯಾವಾಗ ಬರ್ತಾರೆ?"

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ನನ್ನ ಎದುರಿನ ಮಂಚದಲ್ಲೇ ಮಲಗಿರುತ್ತಾರೆ. ಅಷ್ಟರಲ್ಲಿ ಅವರ ನಾಡಿ ಹಿಡಿದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಇಸಿಜಿ ನೋಡಿ, ಕೈಗೆ ಸೂಜಿ ಹಾಕಿಸಿ, ಮದ್ದು ಬರೆದು ಆಗಿರುತ್ತದೆ. ಕುತ್ತಿಗೆಯಲ್ಲಿ ನೇತಾಡುವ ಕಾರ್ಡಿನಲ್ಲಿ ನನ್ನ ಹೆಸರಿನ ಎಡಕ್ಕೆ ಡಾ. ಎಂದೂ ಬಲಕ್ಕೆ ಎಂ.ಡಿ. ಎಂದೂ ದಪ್ಪ ಅಕ್ಷರದಲ್ಲಿ ಬರೆದಿದೆ. ಮೊದಮೊದಲು "ನಾನೇ ಡಾಕ್ಟ್ರು" ಎನ್ನುತ್ತಿದ್ದೆ. ಅವರು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, "ಅಲ್ಲ ಸಿಸ್ಟರ್, ದೊಡ್ಡ ಡಾಕ್ಟ್ರು" ಎನ್ನುತ್ತಿದ್ದರು. ಈಗ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ನಾನು ತುರ್ತು ಚಿಕಿತ್ಸೆಯ ವೈದ್ಯೆ. ಬಂಟ್ವಾಳದ ಬಿ.ಸಿ. ರೋಡಿನ ಹತ್ತಿರ, ಹೆದ್ದಾರಿಗೆ ಮುಖ ಮಾಡಿದ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಇದಕ್ಕೆಂದೇ ಬೇರೆ ಓದಿದ್ದೇನೆ. ಇದೂ ಒಂದು ಓದು ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರಿಗೂ ನಂಬಿಕೆಯಿಲ್ಲ. ಮೂಡುಬಿದಿರೆಯಿಂದ ಒಂದು ಸಂಬಂಧ ಬಂದಿದ್ದಾಗ ಹುಡುಗನ ತಾಯಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ಬಹಳ ಮರ್ಯಾದೆಯಿಂದಲೇ ಕೇಳಿದ್ದರು, "ಎಮರ್ಜೆನ್ಸಿ ಅಂದ್ರೆ ಯಾವ ಅಂಗದ ಡಾಕ್ಟ್ರು?"

"ಯಾವುದು ಕೈಕೊಡ್ತದೋ ಅದರದ್ದು" ಎಂದೆ. ಆ ಸಂಬಂಧ ಕೂಡಿಬರಲಿಲ್ಲ.

ಯಾಕೆ ಈ ಕೆಲಸ ಹಿಡಿದೆ ಎಂದು ಕೇಳಿದರೆ ನನಗೆ ನೆನಪಾಗುವುದು ಬೆಳ್ತಂಗಡಿ ಕಡೆಯ ಒಂದು ಆರೋಗ್ಯ ಕೇಂದ್ರ. ಓದು ಮುಗಿಸಿ ತರಬೇತಿಯಲ್ಲಿದ್ದ ದಿನಗಳು. ರಬ್ಬರ್ ತೋಟದಲ್ಲಿ ಕಣಜದ ಹುಳು ಕಚ್ಚಿದ ಒಬ್ಬರನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಮುಖ ಊದಿ ಕಣ್ಣು ಕಾಣುತ್ತಿರಲಿಲ್ಲ, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಹಿರಿಯ ವೈದ್ಯರು ಊಟಕ್ಕೆ ಹೋಗಿದ್ದರು. ಪುಸ್ತಕದಲ್ಲಿ ಓದಿದ್ದ ಒಂದು ಚುಚ್ಚುಮದ್ದನ್ನು ತೊಡೆಗೆ ಕೊಟ್ಟೆ. ಐದೇ ನಿಮಿಷ. ಮನುಷ್ಯ ಎದ್ದು ಕೂತು, "ನನ್ನ ಬೈರಾಸ ಎಲ್ಲಿ?" ಎಂದು ಹೆಗಲಿನ ಟವೆಲು ಹುಡುಕತೊಡಗಿದ. ಆ ಐದು ನಿಮಿಷಕ್ಕೆ ನಾನು ಮರುಳಾದೆ. ಹೊರಡುವಾಗ ಅವನೂ ಡಾಕ್ಟ್ರು ಯಾವಾಗ ಬರ್ತಾರೆ ಎಂದು ಕೇಳಿದ್ದ. ಅದನ್ನು ನಾನು ಆಗ ತಲೆಗೆ ಹಾಕಿಕೊಳ್ಳಲಿಲ್ಲ.

ನಮ್ಮ ತಾಲೂಕುಗಳಲ್ಲಿ ವೈದ್ಯರಿಗೆ ಹೆಸರಿಗಿಂತ ವಾರ ಮುಖ್ಯ. ಪ್ರತಿ ಆಸ್ಪತ್ರೆಯ ಎದುರೂ ಉದ್ದದ ಒಂದು ಬೋರ್ಡು ಇರುತ್ತದೆ. ಎಲುಬಿನವರು ಸೋಮವಾರ, ಕಿವಿ ಮೂಗಿನವರು ಬುಧವಾರ ಮೂರು ಗಂಟೆಯ ನಂತರ, ಹೃದಯದವರು ಎರಡನೇ ಮತ್ತು ನಾಲ್ಕನೇ ಮಂಗಳವಾರ. ಇವರೆಲ್ಲ ಮಂಗಳೂರಿನಿಂದ ಬಂದು ಹೋಗುವವರು. ಜನರೂ ಹಾಗೆಯೇ ಮಾತಾಡುತ್ತಾರೆ, "ಮಂಗಳವಾರದವರಿಗೆ ತೋರಿಸಿಯಾಯ್ತು" ಎಂದು. ಇದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಕಾಯಿಲೆಯೂ ಆ ಬೋರ್ಡು ಓದಿಕೊಂಡು ಬರಬೇಕು ಎಂದು ಹಟ ಹಿಡಿದಾಗ. ಶನಿವಾರ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವರು ಸೋಮವಾರದವರೆಗೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಾರೆ. ಎದೆನೋವು ಭಾನುವಾರ ಶುರುವಾದರೆ ಮಂಗಳವಾರದವರೆಗೆ ಅದಕ್ಕೆ ಗ್ಯಾಸ್ ಎಂದು ಹೆಸರು.

ನಮ್ಮ ಬೋರ್ಡಿನ ಕೊನೆಯ ಸಾಲಿನಲ್ಲಿ ನಾನಿದ್ದೇನೆ: ತುರ್ತು ಚಿಕಿತ್ಸೆ, ಎಲ್ಲ ದಿನ. ಎಲ್ಲ ದಿನ ಸಿಗುವವಳಿಗೆ ಯಾರು ಬೆಲೆ ಕೊಡುತ್ತಾರೆ?

ಊರಿನವರ ಮಾತು ಬಿಡಿ, ಮನೆಯವರದ್ದೇ ಹೇಳುತ್ತೇನೆ. ನನಗೆ ಒಬ್ಬರು ಮಾವ, ಅಮ್ಮನ ಅಣ್ಣ. ನಮ್ಮ ಕಡೆಯ ಮನೆತನಗಳಲ್ಲಿ ಅಪ್ಪನಿಗಿಂತ ತಾಯಿಯ ಅಣ್ಣನ ಮಾತು ಒಂದು ತೂಕ ಹೆಚ್ಚು. ಮಾವ ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ತಮ್ಮ ಊರು ಕನ್ಯಾನಕ್ಕೆ ಮರಳಿದವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಾನು ಡಾಕ್ಟ್ರಾಗಬೇಕು ಎಂದು ತೀರ್ಮಾನಿಸಿದ್ದು ಅವರು. ಅದರಲ್ಲೂ ಹೃದಯದ ಡಾಕ್ಟ್ರು. ನಾನು ಕ್ಯಾಶುವಾಲ್ಟಿ ಹಿಡಿದೆ ಎಂದು ಗೊತ್ತಾದ ದಿನ ಅವರು ಹೇಳಿದರು, "ಅದೆಂಥದು ಮಾರಾಯ್ತಿ! ಹೋಟೆಲಿಗೆ ಗಿರಾಕಿ ಬಂದ ಕೂಡಲೇ ಒಬ್ಬ ನೀರು ತಂದಿಡ್ತಾನೆ. ಊಟ ಬಡಿಸುವವನು ಬೇರೆ. ನೀನು ಇಷ್ಟು ಓದಿ ನೀರು ಇಡುವ ಕೆಲಸ ಹಿಡಿದೆಯಲ್ಲ!"

ಅಲ್ಲಿಂದ ನಾನು ಅವರ ಬಾಯಲ್ಲಿ "ಡಾಕ್ಟ್ರು ಬರುವವರೆಗಿನ ಡಾಕ್ಟ್ರು" ಆದೆ. ಮದುವೆ ಮನೆ, ಗೃಹಪ್ರವೇಶ, ಎಲ್ಲಿ ಸಿಕ್ಕಿದರೂ ಅದೇ ಪರಿಚಯ. ಕೇಳಿದವರು ನಗುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಖಂಡಿತ ಒಬ್ಬಳು ಡಾಕ್ಟರು ಇದ್ದಿರಬೇಕು.

ಆ ದಿನ ಗುರುವಾರ. ಬೆಳಗ್ಗೆ ಹತ್ತೂವರೆ. ತೆಂಗಿನಕಾಯಿ ಸುಲಿಯುವಾಗ ಕೈ ಕೊಯ್ದುಕೊಂಡ ಒಬ್ಬರಿಗೆ ಹೊಲಿಗೆ ಹಾಕುತ್ತಿದ್ದೆ. ಅವರೂ ದೊಡ್ಡ ಡಾಕ್ಟ್ರನ್ನು ವಿಚಾರಿಸಿ ಆಗಿತ್ತು. ಫೋನು ಎರಡು ಸಲ ಬಡಿದುಕೊಂಡು ನಿಂತು, ಮೂರನೆಯ ಸಲ ಬಡಿದುಕೊಂಡಾಗ ನರ್ಸ್ ನನ್ನ ಕಿವಿಗೆ ಹಿಡಿದರು. ಅಮ್ಮ. ಪಿಸುಗುಟ್ಟುತ್ತಿದ್ದರು.

"ಅಣ್ಣನಿಗೆ ಬೆಳಗ್ಗೆ ಆರರಿಂದ ಗ್ಯಾಸ್. ಶುಂಠಿ ಸೋಡಾ ಕುಡಿದಾಯ್ತು, ಜೀರಿಗೆ ಕಷಾಯ ಆಯ್ತು. ಬೆವರು ನಿಲ್ಲುವುದಿಲ್ಲ. ಬಾಡಿಗೆ ಕಾರು ಮಾಡಿ ಮಂಗಳೂರಿಗೆ ಹೋಗ್ತಾ ಇದ್ದೇವೆ. ನಿನಗೆ ಹೇಳಬಾರದು ಅಂತ ಹೇಳಿದ್ದಾರೆ."

"ಈಗ ಎಲ್ಲಿದ್ದೀರಿ?"

"ಪಾಣೆಮಂಗಳೂರು ಸೇತುವೆ ದಾಟಿಯಾಯ್ತು. ಮುಂದೆ ಬ್ಲಾಕ್ ಉಂಟು."

ನನಗೆ ಬಂದದ್ದು ಹೆದರಿಕೆಗಿಂತ ಹೆಚ್ಚು ಸಿಟ್ಟು. ನಾಲ್ಕೂವರೆ ಗಂಟೆಯಿಂದ ಎದೆ ಹಿಡಿದುಕೊಂಡಿರುವ ಅರುವತ್ತೆಂಟರ ಮನುಷ್ಯ, ಸ್ವಂತ ತಂಗಿಯ ಮಗಳ ಆಸ್ಪತ್ರೆಯ ಬಾಗಿಲ ಮುಂದೆಯೇ ಹಾದು, ಇನ್ನೂ ಇಪ್ಪತ್ತೈದು ಕಿಲೋಮೀಟರು ಹೋಗಲು ಹೊರಟಿದ್ದಾರೆ! ಸೂಜಿಯನ್ನು ಕಿರಿಯ ವೈದ್ಯನ ಕೈಗೆ ಕೊಟ್ಟು ಹೊರಗೆ ನೋಡಿದೆ. ಹೆದ್ದಾರಿ ಕಾಮಗಾರಿಯ ದೆಸೆಯಿಂದ ವಾಹನಗಳು ಆಮೆಯಂತೆ ತೆವಳುತ್ತಿದ್ದವು. ದಿನಾ ನಾನು ಶಾಪ ಹಾಕುವ ಬ್ಲಾಕ್. ಅವತ್ತು ಮಾತ್ರ ಅದು ಇನ್ನೂ ಹತ್ತು ನಿಮಿಷ ಹಾಗೇ ಇರಲಿ ಎಂದು ಬೇಡಿಕೊಂಡೆ.

ನರಿಕೊಂಬು ಊರಿನ ನಮ್ಮ ಹಿರಿಯ ನರ್ಸ್ ಒಂದು ವೀಲ್‌ಚೇರ್ ಎಳೆದುಕೊಂಡು ನನ್ನ ಹಿಂದೆ ಬಂದರು. ಧೂಳು, ಹಾರ್ನು, ಬಿಸಿಲು. ಒಂದು ಟ್ಯಾಂಕರಿನ ಹಿಂದೆ ಬಿಳಿ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಮಾವ, ಹಿಂದೆ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದ ಅಮ್ಮ. ಗಾಜು ತಟ್ಟಿದೆ.

"ನೀನು ಎಂತ ಇಲ್ಲಿ, ರಸ್ತೆ ಮಧ್ಯೆ?" ಎಂದರು ಮಾವ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಂಗಿ ಮೈಗೆ ಅಂಟಿತ್ತು.

"ಇಳಿಯಿರಿ ಮಾವ."

"ಹನ್ನೆರಡಕ್ಕೆ ಮಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಉಂಟು. ನಿಮ್ಮಲ್ಲಿ ಯಾರಿದ್ದಾರೆ?"

"ನಾನಿದ್ದೇನೆ."

"ಅದು ಗೊತ್ತುಂಟು. ಡಾಕ್ಟ್ರು ಯಾರಿದ್ದಾರೆ ಅಂತ ಕೇಳಿದ್ದು."

ಟ್ಯಾಂಕರು ಒಂದು ಗಜ ಮುಂದೆ ಸರಿಯಿತು. ಹಿಂದಿನ ಬಸ್ಸಿನವನು ಹಾರ್ನಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ವಾದ ಮಾಡಲು ಸಮಯವಿರಲಿಲ್ಲ. ನನ್ನ ಬಾಯಿಂದ ಸುಳ್ಳು ಹೇಗೆ ಹೊರಟಿತೋ ನನಗೇ ಗೊತ್ತಿಲ್ಲ.

"ದೊಡ್ಡ ಡಾಕ್ಟ್ರು ಬಂದಿದ್ದಾರೆ. ಮಂಗಳೂರಿನ ಹೃದಯದವರು. ಗುರುವಾರ ಮಾತ್ರ ಬರುವುದು. ಹನ್ನೊಂದಕ್ಕೆ ಹೊರಡ್ತಾರೆ."

ನಾನು ಮಾತು ಮುಗಿಸುವ ಮೊದಲೇ ಮಾವ ಒಂದು ಕಾಲು ಕಾರಿನಿಂದ ಹೊರಗಿಟ್ಟಿದ್ದರು.

ಇಸಿಜಿ ಕಾಗದ ಯಂತ್ರದಿಂದ ಹೊರಬರುತ್ತಿದ್ದಂತೆಯೇ ಗೊತ್ತಾಯಿತು. ದೊಡ್ಡ ಹೃದಯಾಘಾತ. ಜಗಿಯಲು ಮಾತ್ರೆ ಕೊಟ್ಟೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ತಯಾರಿ ಮಾಡಿದೆ. ಹೊರಗಿದ್ದ ಅಮ್ಮನಿಗೆ ಎರಡು ಮಾತಿನಲ್ಲಿ ವಿಷಯ ಹೇಳಿ ಸಹಿ ಹಾಕಿಸಿಕೊಂಡೆ. ಮಾವ ಮಾತ್ರೆ ಜಗಿಯುತ್ತಲೇ ಬಾಗಿಲು ನೋಡುತ್ತಿದ್ದರು. "ಎಲ್ಲಿ ಅವರು?"

"ಮೇಲೆ ವಾರ್ಡಿನಲ್ಲಿದ್ದಾರೆ. ಫೋನಿನಲ್ಲಿ ಹೇಳ್ತಾ ಇದ್ದಾರೆ, ಹಾಗೆಯೇ ಮಾಡ್ತಾ ಇದ್ದೇವೆ."

ನಮ್ಮ ನರ್ಸ್‌ಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅವರು ತಾವಾಗಿ ಗೋಡೆಯ ಫೋನೆತ್ತಿ, "ಆಯ್ತು ಸರ್. ಕೊಡ್ತಾ ಇದ್ದೇವೆ ಸರ್" ಎಂದು ಎರಡು ಸಲ ಗಟ್ಟಿಯಾಗಿ ಹೇಳಿ ಇಟ್ಟರು. ಮಾವನ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಾಣಿಸಿತು. ನನ್ನ ಹೊಟ್ಟೆ ಉರಿಯಿತು.

ಚುಚ್ಚುಮದ್ದು ಕೊಟ್ಟು ಹತ್ತು ನಿಮಿಷ ಆಗಿರಬಹುದು. ಮಾವನ ಕಣ್ಣು ಮೇಲಕ್ಕೆ ಹೋಯಿತು. ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿ ಕುಣಿಯತೊಡಗಿತು. ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತಿತ್ತು. ನಾನು ಸ್ಟೂಲಿನ ಮೇಲೆ ಹತ್ತಿ ಎದೆ ಒತ್ತತೊಡಗಿದೆ. ಒಂದು ಶಾಕ್ ಕೊಟ್ಟೆವು, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಅಂಥ ಹೊತ್ತಿನಲ್ಲಿ ಡಾಕ್ಟರಾದವರ ಮನಸ್ಸು ಶಾಂತವಾಗಿರುತ್ತದೆ ಎಂದು ವಿದ್ಯಾರ್ಥಿಗಳಿಗೆ ನಾನೇ ಹೇಳಿದ್ದುಂಟು. ಸುಳ್ಳು. ಒಂದೊಂದು ಸಲ ಒತ್ತುವಾಗಲೂ ನಾನು ಒಳಗೊಳಗೇ ಅವರಿಗೆ ಬಯ್ಯುತ್ತಿದ್ದೆ. ಶುಂಠಿ ಸೋಡಾಕ್ಕೆ ಬಯ್ದೆ, ಮಂಗಳೂರಿಗೆ ಬಯ್ದೆ, ನೀರು ಇಡುವವಳು ಎಂದ ಬಾಯಿಗೆ ಬಯ್ದೆ. ನಾನು ಯಾರು ಅಂತ ತಿಳಿಯದೆ ನೀವು ಸಾಯುವ ಹಾಗಿಲ್ಲ ಎಂದುಕೊಂಡೆ. ಎರಡನೆಯ ಶಾಕಿಗೆ ಗೆರೆ ಮತ್ತೆ ತಾಳಕ್ಕೆ ಬಂತು.

ಸ್ವಲ್ಪ ಹೊತ್ತಿನ ಮೇಲೆ ಮಾವ ಕಣ್ಣು ಬಿಟ್ಟರು. ತುಟಿ ಒಣಗಿತ್ತು. ಮೊದಲ ಮಾತು, "ಡಾಕ್ಟ್ರು ಬಂದಿದ್ರಾ?"

ನನ್ನ ಎರಡೂ ತೋಳು ಸೋತು ನೇತಾಡುತ್ತಿದ್ದವು. "ಬಂದು ಹೋದರು" ಎಂದೆ.

ಮಧ್ಯಾಹ್ನ ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಕೂತು ಮಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಸ್ಟೆಂಟು ಹಾಕಿದರು. ಅಲ್ಲಿನ ಹೃದಯ ವೈದ್ಯರು ನಮ್ಮ ಕಾಗದಗಳನ್ನು ನೋಡಿ ಮಾವನಿಗೆ ಹೇಳಿದರು, "ಬಂಟ್ವಾಳದಲ್ಲಿ ನಿಮ್ಮನ್ನು ನೋಡಿದವರು ಯಾರೋ ಅವರಿಗೆ ಕೈಮುಗಿಯಿರಿ. ಇಲ್ಲಿಯವರೆಗೆ ಬರುವ ಹಾಗೆ ಮಾಡಿದ್ದು ಅವರು." ಮಾವ ನನ್ನ ಕಡೆ ತಿರುಗಿ, "ಕೇಳಿದೆಯಾ? ಆ ಡಾಕ್ಟ್ರ ನಂಬರ್ ನನಗೆ ಬೇಕು" ಎಂದರು.

ಅಲ್ಲೇ ಹೇಳಿಬಿಡಬೇಕಿತ್ತು. ಹೊರಗೆ ಬಂದ ಮೇಲೆ ಅಮ್ಮ ನನ್ನ ಕೈ ಹಿಡಿದು, "ಈಗ ಬೇಡ. ಪ್ರೆಶರ್ ಏರ್ತದೆ. ಜೀವ ಉಳಿಯಿತಲ್ಲ, ಹೆಸರು ಯಾರದ್ದಾದರೆ ಎಂತ?" ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಸುಳ್ಳಿನಲ್ಲಿ ಒಂದು ಜೀವ ಉಳಿಸಿದ್ದೇನೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಆದರೆ ಆ ಇಲ್ಲದ ಮನುಷ್ಯ ದಿನದಿಂದ ದಿನಕ್ಕೆ ಬೆಳೆದ. ಅವರು ಎತ್ತರದ ಆಳು, ಮಾತು ಕಡಿಮೆ, ಕೈಗುಣ ಭಾರಿ ಒಳ್ಳೆಯದು ಎಂದು ಕಣ್ಣಾರೆ ನೋಡಿದವರ ಹಾಗೆ ಮಾವ ವಿಟ್ಲದ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ಅವರಿಗೆಂದು ಒಂದು ಕದಳಿ ಬಾಳೆಗೊನೆ, ಎರಡು ಬಾಟಲಿ ಜೇನು ನನ್ನ ಕೈಯಲ್ಲಿ ಕಳಿಸಿದರು. ಗೊನೆ ಹಣ್ಣಾಗಿ ಕ್ಯಾಶುವಾಲ್ಟಿಯವರೆಲ್ಲ ತಿಂದೆವು. "ಸರ್‌ಗೆ ಹಣ್ಣು ಇಷ್ಟ ಆಯ್ತಂತೆ" ಎಂದು ನರ್ಸ್ ನನ್ನನ್ನು ಚುಡಾಯಿಸುತ್ತಿದ್ದರು. ಮುಂದಿನ ಮದುವೆಯಲ್ಲಿ ಮಾವ ನನ್ನನ್ನು ಪರಿಚಯಿಸಿದ್ದು ಹೀಗೆ: "ಇವಳು ಗುರುವಾರದ ಡಾಕ್ಟ್ರ ಕೈಕೆಳಗೆ ಇರುವುದು." ನನಗೆ ಬಡ್ತಿ ಸಿಕ್ಕಿತ್ತು.

ನಾನು ನಗುತ್ತಿದ್ದೆ, ಒಳಗೆ ಕುದಿಯುತ್ತಿದ್ದೆ. ಎರಡರ ನಡುವೆ ಒಂದು ಸಂಗತಿ ನನ್ನ ಕಣ್ಣಿಗೆ ಬೀಳಲಿಲ್ಲ. ಕನ್ಯಾನ, ವಿಟ್ಲ ಕಡೆಯಿಂದ ನಮ್ಮಲ್ಲಿಗೆ ಬರುವವರು ಹೆಚ್ಚಾಗಿದ್ದರು. ನಿಮ್ಮ ಮಾವ ಕಳಿಸಿದ್ದು ಎನ್ನುತ್ತಿದ್ದರು. ದೊಡ್ಡವರಿಗೆ ಇವತ್ತು ಬಿಡುವಿಲ್ಲ, ನಾನೇ ನೋಡುತ್ತೇನೆ ಎಂದು ನಾನು ನೋಡಿ ಕಳಿಸುತ್ತಿದ್ದೆ. ಅವರೆಲ್ಲ ಗುರುವಾರವೇ ಬರುತ್ತಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ.

ನಾಲ್ಕು ತಿಂಗಳು ಕಳೆದಿತ್ತು. ಒಂದು ಮಂಗಳವಾರ ಮಧ್ಯಾಹ್ನ ಮಾವನ ಫೋನು ಬಂತು. ಗಾಬರಿಯೇನೂ ಇಲ್ಲದ ಸ್ವರ.

"ನಿನ್ನ ಅತ್ತೆಗೆ ಬಲಗೈ ಜೋಮು. ಚೊಂಬು ಹಿಡಿದ್ರೆ ಬೀಳ್ತದೆ. ಮಾತು ಕೂಡ ಸ್ವಲ್ಪ ತೊದಲ್ತದೆ. ವಾತ ಇರಬೇಕು ಅಂತ ಎಣ್ಣೆ ಹಚ್ಚಿದ್ದೇನೆ. ಗುರುವಾರ ಬೆಳಗ್ಗೆಯೇ ಕರ್ಕೊಂಡು ಬರ್ತೇನೆ. ಡಾಕ್ಟ್ರಿಗೆ ಒಂದು ಮಾತು ಹೇಳಿಡು, ಮೊದಲ ನಂಬರ್ ನಮಗೆ ಬೇಕು."

"ಯಾವಾಗಿನಿಂದ?" ಎಂದೆ.

"ನಿನ್ನೆ ಬೆಳಗ್ಗೆ ಚಾ ಕುಡಿಯುವಾಗ ಶುರು ಆದದ್ದು."

"ನಿನ್ನೆಯೇ ಯಾಕೆ ಫೋನ್ ಮಾಡಲಿಲ್ಲ ಮಾವ?"

"ನಿನ್ನೆ ಸೋಮವಾರ ಅಲ್ವಾ?"

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ, ಮೊದಲ ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ ಹೆಪ್ಪು ಕರಗಿಸುವ ಮದ್ದು ಕೊಡಬಹುದು. ಎಲ್ಲರಿಗೂ ಗುಣವಾಗುತ್ತದೆ ಎಂದಲ್ಲ, ಆದರೆ ಒಂದು ಅವಕಾಶ ಇರುತ್ತದೆ. ಅತ್ತೆಯ ಅವಕಾಶ ಸೋಮವಾರ ಮಧ್ಯಾಹ್ನಕ್ಕೇ ಮುಗಿದಿತ್ತು. ಸೋಮವಾರ ನಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡೆ. ಜನ ಕಡಿಮೆ ಇದ್ದ ದಿನ. ನರ್ಸ್ ಜೊತೆ ಕೂತು ಆ ಜೇನಿನ ಕೊನೆಯ ಬಾಟಲಿ ಖಾಲಿ ಮಾಡಿದ್ದೆವು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅತ್ತೆ.

"ಮಾವ," ಎಂದೆ, "ಗುರುವಾರದ ಡಾಕ್ಟ್ರು ಅಂತ ಯಾರೂ ಇಲ್ಲ. ಅವತ್ತು ನೀವು ಇಳಿಯಲಿ ಅಂತ ಸುಳ್ಳು ಹೇಳಿದ್ದು. ನಿಮ್ಮನ್ನು ನೋಡಿದ್ದು ನಾನು. ಎದೆ ಒತ್ತಿದ್ದೂ ನಾನೇ."

ಆ ಕಡೆ ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಹಾಗಾದ್ರೆ ನೀನು ನಿನ್ನೆ ಅಲ್ಲಿ ಇದ್ದೆಯಾ?" ಎಂದು ಕೇಳಿದರು.

"ಇದ್ದೆ. ಬೆಳಗ್ಗೆ ಎಂಟರಿಂದ ಇದ್ದೆ."

ಮಾವ ಮುಕ್ಕಾಲು ಗಂಟೆಯಲ್ಲಿ ಅತ್ತೆಯನ್ನು ಕರೆದುಕೊಂಡು ಬಂದರು. ಮಾಡಬೇಕಾದ್ದನ್ನೆಲ್ಲ ಮಾಡಿದೆವು, ಮಂಗಳೂರಿಗೂ ಕಳಿಸಿದೆವು. ಮಾತು ಹೆಚ್ಚು ಕಡಿಮೆ ಸರಿಯಾಯಿತು. ಬಲಗೈ ಮಾತ್ರ ಬರಲಿಲ್ಲ.

ಹೋದ ತಿಂಗಳು ರಜೆ ಇತ್ತು, ಕನ್ಯಾನಕ್ಕೆ ಹೋಗಿದ್ದೆ. ಊಟಕ್ಕೆ ಕೂತ ಕೂಡಲೇ ಮಾವ ತಾವೇ ಒಂದು ಲೋಟ ನೀರು ತಂದು ನನ್ನ ಊಟದ ಬಟ್ಟಲಿನ ಪಕ್ಕ ಇಟ್ಟರು. ಇಟ್ಟವರು ಹೋಗಲಿಲ್ಲ, ಅಲ್ಲೇ ನಿಂತರು. ಬಡಿಸಲು ಬೇರೆಯವರಿದ್ದರೂ ಅತ್ತೆ ಕೇಳುವವರಲ್ಲ. ಬಲಗೈಯನ್ನು ಸೊಂಟಕ್ಕೆ ಆನಿಸಿಕೊಂಡು, ಎಡಗೈಯಲ್ಲಿ ಸೌಟು ಹಿಡಿದು ಬಂದರು.

"ಎಡಗೈಯಲ್ಲಿ ಬಡಿಸ್ತೇನೆ, ಬೇಜಾರು ಮಾಡಬೇಡ ಮಗಾ" ಎಂದರು. ಆಮೇಲೆ ಮಾವನ ಕಡೆ ಕಣ್ಣು ಹಾಯಿಸಿ, ಸ್ವರ ತಗ್ಗಿಸಿ ನನಗೆ ಹೇಳಿದರು, "ಇವರು ಅವತ್ತು ಗಡಿಬಿಡಿ ಮಾಡಿದ್ರು. ಇನ್ನು ಎರಡು ದಿನ ಕಾದಿದ್ರೆ ಆ ಗುರುವಾರದ ಡಾಕ್ಟ್ರು ಈ ಕೈಯನ್ನೂ ಸರಿ ಮಾಡ್ತಿದ್ರೋ ಏನೋ."

ಮಾವ ಅತ್ತೆಗೆ ಏನೂ ಹೇಳಿರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು. ನಾನು ಬಾಯಿ ತೆರೆಯುವ ಮೊದಲು ಮಾವ ತಾವೇ ಮಾತಾಡಿದರು.

"ಆ ಡಾಕ್ಟ್ರು ಇವಳೇ, ಮಾರಾಯ್ತಿ. ಎಲ್ಲ ದಿನವೂ ಇರ್ತಾಳೆ. ಸೋಮವಾರವೂ ಇದ್ದಳು."

ಹತ್ತು ವರ್ಷದಿಂದ ಆ ಬಾಯಿಂದ ಈ ಮಾತು ಕೇಳಬೇಕೆಂದು ಕಾದಿದ್ದೆ. ಕೇಳಿದಾಗ ತಲೆ ಎತ್ತಲಾಗಲಿಲ್ಲ. ಅತ್ತೆ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದರು. ಸಾರು ಬಟ್ಟಲಿನ ಅಂಚಿಗೆ ಬಿದ್ದು ಆಚೆ ಹರಿಯುತ್ತಿತ್ತು. ನಾನು ಅನ್ನದಿಂದ ಅದಕ್ಕೆ ಕಟ್ಟೆ ಕಟ್ಟುತ್ತಾ ಕೂತೆ.